ಕಾಡು ಉಳಿಸಿದ ವಿಮಾನ, ನಾವು ಕಂಡಮೇಲೆ ಉಳಿಯುತ್ತಾ?

ಈಚೆಗೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಥರದ ಚಿತ್ರ ಜಾಸ್ತಿ ಓಡಾಡುತ್ತಿದೆ. ದಟ್ಟ ಕಾಡು, ನಡುವೆ ಎರಡನೇ ಮಹಾಯುದ್ಧದ ಕಾಲದ ದೊಡ್ಡ ವಿಮಾನ. ಮೈತುಂಬ ಬಳ್ಳಿ, ಪಾಚಿ. ಆದರೂ ಬಣ್ಣ ಮಾಸಿಲ್ಲ, ಗಾಜು ಒಡೆದಿಲ್ಲ. ಒಳಗೆ ಪೈಲಟ್‌ನ ಅಸ್ಥಿಪಂಜರ ಸಮವಸ್ತ್ರ ತೊಟ್ಟು ನೆಟ್ಟಗೆ ಕೂತಿದೆ. ಕೆಳಗೆ ‘80 ವರ್ಷಗಳ ನಂತರ ಪತ್ತೆ’ ಅಂತ ಒಂದು ಸಾಲು. ಕೋಲಾರದ ನಮ್ಮ ಗುಂಪಿಗೂ ಇಂಥದ್ದೊಂದು ಬಂತು. ಹಿಂದೆಯೇ ಯಾರೋ ‘ಇದು ನಮ್ಮ ಅಂತರಗಂಗೆ ಬೆಟ್ಟದ ಆ ಕಡೆ ಅಂತೆ’ ಎಂದು ಒಗ್ಗರಣೆ ಹಾಕಿದರು.

ಅಂತರಗಂಗೆ ಬೆಟ್ಟದ ಮೇಲೇ ಊರುಗಳಿವೆ, ಹೊಲಗಳಿವೆ. ಕುರಿ ಮೇಯಿಸುವವರು ಹೋಗದ ಜಾಗ ಅಲ್ಲಿ ಇಲ್ಲ. ನಮ್ಮ ಕಡೆಯದು ಬಂಡೆ ಮತ್ತು ಕುರುಚಲು ಕಾಡು. ಬೇಸಿಗೆಯಲ್ಲಿ ಎಲೆಯೂ ಇರಲ್ಲ. ಮಧುಗಿರಿ, ಪಾವಗಡ, ಸ್ಕಂದಗಿರಿ, ಎಲ್ಲ ಕಡೆಯೂ ಹೀಗೇ. ಇಲ್ಲಿ ನಾಲ್ಕು ಎಂಜಿನ್‌ನ ವಿಮಾನ ಬಿದ್ದಿದ್ದರೆ ಅವತ್ತು ಸಾಯಂಕಾಲಕ್ಕೇ ಹತ್ತೂರಿಗೆ ಗೊತ್ತಾಗುತ್ತಿತ್ತು. ವಾರದೊಳಗೆ ತಗಡೂ ಮಾಯವಾಗುತ್ತಿತ್ತು.

ಹಾಗಂತ ಇಡೀ ವಿಷಯವೇ ಸುಳ್ಳಲ್ಲ. ನಿಜವಾದ ಯುದ್ಧವಿಮಾನಗಳು ಕಾಡಿನಲ್ಲಿ, ಹಿಮದಲ್ಲಿ ಇವತ್ತಿಗೂ ಸಿಗುತ್ತಿವೆ. ನಮ್ಮ ದೇಶದ ಅರುಣಾಚಲದಲ್ಲೇ ಸಿಗುತ್ತಿವೆ. ಕೋಲಾರಕ್ಕೂ ಆ ಕಥೆಗೂ ನಂಟಿದೆ, ಅದು ಮುಂದೆ ಬರುತ್ತದೆ. ಮೊದಲು ಕಾಡಿನಲ್ಲಿ ಏನು ಉಳಿಯುತ್ತೆ, ಏನು ಉಳಿಯಲ್ಲ ಅನ್ನುವುದು ತಿಳಿದುಕೊಂಡರೆ ಅಸಲಿ ಯಾವುದು, ಕಂಪ್ಯೂಟರ್ ಬರೆದದ್ದು ಯಾವುದು ಅಂತ ನೀವೇ ಹೇಳಬಹುದು.

ಚಿತ್ರ ಬಂದರೆ ಬಾಲದ ಕಡೆ ನೋಡಿ. ಆ ಕಾಲದ ಲಿಬರೇಟರ್ ಬಾಂಬರ್, ಜನ ಸಾಮಾನು ಸಾಗಿಸುವ ಡಕೋಟಾದಂಥ ವಿಮಾನಗಳ ಮೈ ಅಲ್ಯುಮಿನಿಯಂ ತಗಡಿನದು. ಆದರೆ ಬಾಲದಲ್ಲಿ ಅಲುಗಾಡುವ ಭಾಗಗಳು, ಅಂದರೆ ವಿಮಾನವನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಮತ್ತು ಮೇಲೆ ಕೆಳಗೆ ಮಾಡುವ ಎಲಿವೇಟರ್, ಬಟ್ಟೆ ಹೊದಿಸಿದವು. ಲೋಹದ ಚೌಕಟ್ಟಿಗೆ ಬಟ್ಟೆ ಬಿಗಿದು, ಮೇಲೆ ಮೆರುಗಿನಂಥದ್ದನ್ನು ಬಳಿದು ಗಟ್ಟಿ ಮಾಡುತ್ತಿದ್ದರು. ಮಳೆಕಾಡಿನಲ್ಲಿ ಆ ಬಟ್ಟೆ ಬೇಗ ಕೊಳೆತು ಹೋಗುತ್ತದೆ. ಹಾಗಾಗಿ ಅಸಲಿ ಅವಶೇಷದಲ್ಲಿ ಮೈ ಎಷ್ಟೇ ಚೆನ್ನಾಗಿದ್ದರೂ ಬಾಲದ ತುದಿಯಲ್ಲಿ ಬರೀ ಪಕ್ಕೆಲುಬು ಕಾಣುತ್ತದೆ. ನಮ್ಮ ಗುಂಪಿಗೆ ಬಂದ ಚಿತ್ರದಲ್ಲಿ ರಡ್ಡರ್ ಹೊಸದರಂತೆ ಹೊಳೆಯುತ್ತಿತ್ತು.

ಪ್ರೊಪೆಲ್ಲರ್ ಕೂಡ ಬಹಳ ಹೇಳುತ್ತದೆ. ಎಂಜಿನ್ ಓಡುತ್ತಿರುವಾಗಲೇ ನೆಲಕ್ಕೆ ಬಡಿದರೆ ಅದರ ಅಲಗುಗಳು ಬಾಗಿ ಸುರುಳಿಯಾಗುತ್ತವೆ. ಮೊದಲೇ ನಿಂತುಹೋಗಿದ್ದ ಎಂಜಿನ್‌ನ ಅಲಗುಗಳು ಹೆಚ್ಚೂ ಕಡಿಮೆ ನೆಟ್ಟಗೇ ಉಳಿಯುತ್ತವೆ, ಒಂದೋ ಎರಡೋ ಹಿಂದಕ್ಕೆ ಮಡಚಿರಬಹುದು. ಬಲ್ಲವರು ಇಷ್ಟನ್ನೇ ನೋಡಿ ಕೊನೆಯ ಕ್ಷಣದಲ್ಲಿ ಯಾವ ಎಂಜಿನ್ ಕೈಕೊಟ್ಟಿತ್ತು ಅಂತ ಅಂದಾಜು ಮಾಡುತ್ತಾರೆ. ಮರಗಳ ನಡುವೆ ಬಿದ್ದೂ ನಾಲ್ಕೂ ಪ್ರೊಪೆಲ್ಲರ್ ಶೋರೂಮಿನಿಂದ ಬಂದ ಹಾಗಿದ್ದರೆ ಆ ಚಿತ್ರವನ್ನು ಮುಂದೆ ಕಳಿಸಬೇಡಿ.

ಇನ್ನು ಕುರ್ಚಿಯಲ್ಲಿ ಕೂತ ಅಸ್ಥಿಪಂಜರ. ಮೂಳೆಗಳನ್ನು ಹಿಡಿದಿಡುವುದು ಮಾಂಸ ಮತ್ತು ಕೀಲುಗಳ ನಾರಿನಂಥ ಕಟ್ಟು. ಅವು ಹೋದಮೇಲೆ ಮೂಳೆಗಳು ಕಳಚಿ ಬೀಳುತ್ತವೆ, ಪ್ರಾಣಿಗಳು ಎಳೆದಾಡುತ್ತವೆ. ಜೋರು ಮಳೆಯ ಕಾಡುಗಳ ಮಣ್ಣಿನಲ್ಲಿ ಹುಳಿ ಜಾಸ್ತಿ, ಅದು ಮೂಳೆಯನ್ನೇ ತಿಂದುಹಾಕುತ್ತದೆ. ನಿಜವಾದ ಜಾಗಗಳಲ್ಲಿ ಮಣ್ಣು ಜರಡಿ ಹಿಡಿದರೆ ಸಿಗುವುದು ಮೂಳೆಯ ಚೂರು, ಒಂದು ಹಲ್ಲು, ಬೂಟಿನ ಅಟ್ಟೆ, ಬೆಲ್ಟಿನ ಬಕಲ್.

ಅಲ್ಯುಮಿನಿಯಂ ಮಾತ್ರ ಹೇಗೆ ಉಳಿಯುತ್ತದೆ? ಗಾಳಿ ಸೋಕಿದ ಕೂಡಲೇ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಕಟ್ಟುತ್ತದೆ. ಕಬ್ಬಿಣದ ತುಕ್ಕು ಉದುರಿ ಉದುರಿ ಒಳಗಿನ ಕಬ್ಬಿಣವನ್ನು ಬಯಲಿಗೆ ತರುತ್ತದೆ. ಈ ಪದರ ಉದುರಲ್ಲ, ಒಳಗಿನದನ್ನು ಮುಚ್ಚಿಕೊಂಡೇ ಇರುತ್ತದೆ. ವಿಮಾನಕ್ಕೆ ಬಳಸುವುದು ತಾಮ್ರ ಬೆರೆಸಿದ ಗಟ್ಟಿ ಮಿಶ್ರಲೋಹ, ತುಕ್ಕಿನ ವಿಷಯದಲ್ಲಿ ಅದು ಸ್ವಲ್ಪ ದುರ್ಬಲ. ಅದಕ್ಕೇ ತಗಡಿನ ಎರಡೂ ಬದಿಗೆ ಶುದ್ಧ ಅಲ್ಯುಮಿನಿಯಂನ ತೆಳು ಲೇಪ ಕೊಡುತ್ತಿದ್ದರು. ಉಪ್ಪುಗಾಳಿ ಇಲ್ಲದ ಬೆಟ್ಟದ ಮೇಲೆ ಇಂಥ ತಗಡು ಎಷ್ಟೋ ದಶಕ ಹಾಗೇ ಇರುತ್ತದೆ, ಬರೆದ ಅಕ್ಷರ ಓದುವಷ್ಟು. ಸಮುದ್ರದ ಹತ್ತಿರ ಬಿದ್ದದ್ದು ಇಷ್ಟು ಬಾಳಲ್ಲ. ಉಕ್ಕಿನ ಚಕ್ರದ ಕಾಲು, ಬಂದೂಕುಗಳು ತುಕ್ಕು ಹಿಡಿಯುತ್ತವೆ. ಮೆಗ್ನೀಸಿಯಂ ಭಾಗಗಳು ಪುಡಿಯಾಗುತ್ತವೆ.

ಮರದ ವಿಮಾನ ಆದರೆ ಕೇಳಲೇಬೇಡಿ. ಬ್ರಿಟಿಷರ ಮಸ್ಕಿಟೋ ವಿಮಾನದ ಮೈ ಪ್ಲೈವುಡ್ಡು, ಹಗುರ ಮರ ಮತ್ತು ಅಂಟಿನದು. 1944ರಲ್ಲಿ ನಮ್ಮ ಬಿಸಿಲು, ಸೆಖೆಗೆ ಅಂಟು ಬಿಟ್ಟುಕೊಂಡು ಕೆಲವು ಮಸ್ಕಿಟೋಗಳು ಹಾರುತ್ತಲೇ ಮುರಿದುಬಿದ್ದವು. ಅಂಥದ್ದು ಗೆದ್ದಲು ಇರುವ ಕಾಡಿನಲ್ಲಿ ಬಿದ್ದರೆ ಉಳಿಯುವುದು ಎರಡು ಎಂಜಿನ್ ಮತ್ತು ಒಂದಿಷ್ಟು ಕಬ್ಬಿಣ. ‘ಸುಸ್ಥಿತಿಯಲ್ಲಿ ಸಿಕ್ಕ ಮಸ್ಕಿಟೋ’ ಅಂತ ಕಾಡಿನ ಚಿತ್ರ ಬಂದರೆ ನಗಬಹುದು.

ಈಗ ಅರುಣಾಚಲದ ವಿಷಯ. 1942ರಲ್ಲಿ ಜಪಾನೀಯರು ಬರ್ಮಾ ರಸ್ತೆ ಮುಚ್ಚಿಸಿದರು. ಚೀನಾಕ್ಕೆ ಪೆಟ್ರೋಲು, ಮದ್ದುಗುಂಡು ಕಳಿಸಲು ಅಮೆರಿಕಕ್ಕೆ ಉಳಿದದ್ದು ಆಕಾಶದ ದಾರಿ. ಅಸ್ಸಾಂನ ಚಬುವಾ, ದಿಂಜಾನ್, ಮೋಹನಬಾರಿಯಿಂದ ಎದ್ದು ಹಿಮಾಲಯದ ಪೂರ್ವದ ತುದಿ ದಾಟಿ ಕುನ್ಮಿಂಗ್‌ಗೆ. ಪೈಲಟ್‌ಗಳು ಈ ದಾರಿಯನ್ನು ‘ಹಂಪ್’ ಎಂದರು. ಮೂರೂವರೆ ವರ್ಷದಲ್ಲಿ ಸುಮಾರು ಆರೂವರೆ ಲಕ್ಷ ಟನ್ ಸಾಮಾನು ಹೋಯಿತು. ಬಿದ್ದ ವಿಮಾನಗಳು 600ರ ಹತ್ತಿರ. ಸತ್ತವರು, ಕಾಣೆಯಾದವರು ಸೇರಿ 1,600ಕ್ಕೂ ಹೆಚ್ಚು. ಶತ್ರುವಿನ ಗುಂಡಿಗಿಂತ ಜಾಸ್ತಿ ಕೊಂದದ್ದು ಹವಾಮಾನ. ರೆಕ್ಕೆಯ ಮೇಲೆ ಮಂಜು ಕಟ್ಟುವುದು, ದಿಕ್ಕು ತಪ್ಪಿಸುವ ಬಿರುಗಾಳಿ, ನಂಬಲಾಗದ ನಕ್ಷೆ, ಇನ್ನೂ ಸರಿಯಾಗಿ ಪಳಗದ ಸಿ-46 ಸಾಗಣೆ ವಿಮಾನಗಳು. ಬಿಸಿಲಿದ್ದ ದಿನ ಕೆಳಗೆ ಹೊಳೆಯುವ ತಗಡುಗಳನ್ನು ನೋಡಿಕೊಂಡೇ ದಾರಿ ಹಿಡಿಯಬಹುದು ಅಂತ ಪೈಲಟ್‌ಗಳೇ ಹೇಳಿಕೊಳ್ಳುತ್ತಿದ್ದರಂತೆ.

ಈ ಭಾಗದ ವಿಮಾನಗಳನ್ನು ರಿಪೇರಿ ಮಾಡುತ್ತಿದ್ದ ದೊಡ್ಡ ಜಾಗಗಳಲ್ಲಿ ಬೆಂಗಳೂರೂ ಒಂದು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಸೇನೆಯ ಕೈಗೆ ಹೋಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ರಿಪೇರಿಗೆಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಇವತ್ತು ನೊರೆಗೆ ಹೆಸರಾದ ಅದೇ ಬೆಳ್ಳಂದೂರು ಕೆರೆ! ಅದೇ ಎಚ್‌ಎಎಲ್ 2023ರಲ್ಲಿ ನಮ್ಮ ತುಮಕೂರಿನ ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಶುರು ಮಾಡಿದೆ.

ಕೋಲಾರದ ನಂಟು ಇನ್ನೂ ಹತ್ತಿರದ್ದು. ಯುದ್ಧದ ಕಾಲದಲ್ಲಿ ಇಲ್ಲಿ ಬ್ರಿಟಿಷ್ ವಾಯುಪಡೆಯ ನೆಲೆ ಇತ್ತು. ನಾಲ್ಕು ಎಂಜಿನ್‌ನ ಲಿಬರೇಟರ್ ಬಾಂಬರ್ ಹಾರಿಸುವುದನ್ನು ಹೊಸ ತಂಡಗಳಿಗೆ ಕಲಿಸುವ 1673ನೇ ಹೆವಿ ಕನ್ವರ್ಷನ್ ಯೂನಿಟ್ ಇಲ್ಲಿ ಕೆಲಸ ಮಾಡುತ್ತಿತ್ತು. 1944ರ ನವೆಂಬರ್‌ನಲ್ಲಿ ಅದೇ ಜನ, ಅದೇ ವಿಮಾನಗಳನ್ನು ಸೇರಿಸಿ 358ನೇ ಸ್ಕ್ವಾಡ್ರನ್ ಕೋಲಾರದಲ್ಲೇ ಕಟ್ಟಿದರು. ಆಮೇಲೆ ಅದು ಬಂಗಾಳಕ್ಕೆ ಹೋಯಿತು. ಅಲ್ಲಿಂದ ಸಯಾಮ್ (ಈಗಿನ ಥಾಯ್ಲೆಂಡ್), ಇಂಡೋಚೀನಾದ (ಈಗಿನ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ) ಕಾಡುಗಳ ಮೇಲೆ ರಾತ್ರಿ ಹಾರಿ ಗೂಢಚಾರರನ್ನೂ ಸಾಮಾನನ್ನೂ ಪ್ಯಾರಾಚೂಟ್‌ನಲ್ಲಿ ಇಳಿಸುವುದು ಅವರ ಕೆಲಸ. ಕೋಲಾರದ ಗಾಳಿಯಲ್ಲಿ ತಂಡ ಕಟ್ಟಿಕೊಂಡ ಹುಡುಗರು ಬೇರೆ ದೇಶದ ಕಾಡಿನ ಮೇಲೆ ಕತ್ತಲಲ್ಲಿ ಗುಡ್ಡದ ಸಂದಿ ಹುಡುಕುತ್ತಿದ್ದರು. ನಮ್ಮೂರಿನಲ್ಲಿ ಇದನ್ನು ಹೇಳುವ ಒಂದು ಬೋರ್ಡನ್ನೂ ನಾನು ನೋಡಿಲ್ಲ.

ಲಿಬರೇಟರ್ ಕಾಡಿಗೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಮಲೇಷ್ಯಾದ ಒಂದು ಪ್ರಕರಣ ಇದೆ. 356ನೇ ಸ್ಕ್ವಾಡ್ರನ್ನಿನ ಒಂದು ಲಿಬರೇಟರ್ 1945ರ ಆಗಸ್ಟ್ 23ರಂದು ಹಿಂದೂ ಮಹಾಸಾಗರದ ಕೋಕೋಸ್ ದ್ವೀಪದಿಂದ ಹೊರಟು ಮಲೇಷ್ಯಾದ ನೆಗೆರಿ ಸೆಂಬಿಲಾನ್ ರಾಜ್ಯದ ಬೆಟ್ಟದ ಕಾಡಿನಲ್ಲಿ ಬಿತ್ತು. ಜಪಾನ್ ಶರಣಾಗುತ್ತೇವೆ ಎಂದು ಹೇಳಿ ಆಗಲೇ ಒಂದು ವಾರ ಕಳೆದಿತ್ತು. ಒಳಗೆ ಎಂಟು ಜನ. ಅವಶೇಷ ಇರುವುದು 1990ರ ದಶಕದಲ್ಲಿ ಹೊರಗಿನವರಿಗೆ ಗೊತ್ತಾಯಿತು. ಅಗೆದು ತೆಗೆಯುವುದಕ್ಕೆ ಇನ್ನೂ ಎಷ್ಟೋ ವರ್ಷ ಹಿಡಿಯಿತು. ಕೊನೆಗೆ 2012ರಲ್ಲಿ ಎಂಟೂ ಜನರನ್ನು ಕೌಲಾಲಂಪುರದ ಚೆರಾಸ್ ರಸ್ತೆಯ ಸಮಾಧಿಯಲ್ಲಿ ಮಣ್ಣು ಮಾಡಿದರು. ವಿಮಾನ ಕಾಣುವುದಕ್ಕೂ ಮನುಷ್ಯರಿಗೆ ಗೋರಿ ಸಿಗುವುದಕ್ಕೂ ನಡುವೆ ಇಷ್ಟು ದೂರ ಇರುತ್ತದೆ.

ಉಪಗ್ರಹ, ಡ್ರೋನ್ ಎಲ್ಲ ಇರುವಾಗ ಹುಡುಕುವುದು ಯಾಕೆ ಇಷ್ಟು ಕಷ್ಟ ಅಂತ ಕೇಳಬಹುದು. 2019ರ ಜೂನ್ 3ರಂದು ನಮ್ಮ ವಾಯುಪಡೆಯ ಎಎನ್-32 ವಿಮಾನ 13 ಜನರ ಸಮೇತ ಅರುಣಾಚಲದಲ್ಲಿ ಕಾಣೆಯಾಯಿತು. ಯಾವಾಗ ಹೊರಟಿತು, ಎಲ್ಲಿಗೆ ಹೊರಟಿತು, ಎಲ್ಲ ಗೊತ್ತಿತ್ತು. ಸುಖೋಯ್, ಹೆಲಿಕಾಪ್ಟರ್, ನೌಕಾಪಡೆಯ ಪಿ-8ಐ ಕಣ್ಗಾವಲು ವಿಮಾನ, ಇಸ್ರೋ ಉಪಗ್ರಹ, ಜೊತೆಗೆ ಊರಿನ ಬೇಟೆಗಾರರು, ಎಲ್ಲರೂ ಹುಡುಕಿದರು. ಸಿಕ್ಕಿದ್ದು ಎಂಟು ದಿನದ ಮೇಲೆ. ಅದೂ ಮೊನ್ನೆ ಮೊನ್ನೆ ಬಿದ್ದ, ಮರ ಮುರಿದ ಗುರುತು ಹಸಿಯಾಗಿದ್ದ ವಿಮಾನ. 80 ವರ್ಷದ ಹಳೆಯ ಅವಶೇಷದ ಮೇಲೆ ಕಾಡು ಮತ್ತೆ ಬೆಳೆದು ಮುಚ್ಚಿರುತ್ತದೆ.

ಹಾಗಾಗಿ ಹಳೆಯ ವಿಮಾನಗಳನ್ನು ‘ಪತ್ತೆ ಹಚ್ಚುವುದು’ ಅಂದರೆ ಹೆಚ್ಚಿನ ಸಲ ಊರಿನ ಬೇಟೆಗಾರರನ್ನು ವಿಚಾರಿಸುವುದು. ಅವರಿಗೆ ಮೊದಲೇ ಗೊತ್ತಿರುತ್ತದೆ, ತಗಡು ಕತ್ತರಿಸಿ ತಂದು ಪಾತ್ರೆ ಪಗಡೆ ಮಾಡಿಕೊಂಡಿರುತ್ತಾರೆ. ಅಮೆರಿಕದ ಅರಿಜೋನಾದ ಕ್ಲೇಟನ್ ಕೂಲ್ಸ್ ಹೀಗೆಯೇ ಅರುಣಾಚಲ ಮತ್ತು ಬರ್ಮಾದ ಕಡೆ 20ಕ್ಕೂ ಹೆಚ್ಚು ಜಾಗ ಗುರುತಿಸಿದವರು. 1945ರ ಜನವರಿಯಲ್ಲಿ ಕುನ್ಮಿಂಗ್‌ನಿಂದ ಬರುವಾಗ ಬಿರುಗಾಳಿಗೆ ಸಿಕ್ಕಿ 13 ಜನರೊಡನೆ ಕಾಣೆಯಾಗಿದ್ದ ಸಿ-46 ವಿಮಾನವನ್ನು ಅವರ ತಂಡ ಹಿಮದ ಬೆಟ್ಟದ ಮೇಲೆ ಕಂಡಿತು. ಆ ಸುದ್ದಿ 2022ರಲ್ಲಿ ಜಗತ್ತಿಗೆಲ್ಲ ಹೋಯಿತು. ಬಾಲದ ಮೇಲಿನ ನಂಬರಿನಿಂದ ವಿಮಾನ ಯಾವುದು ಅಂತ ಖಚಿತವಾಯಿತು. ವಿಮಾನದಲ್ಲಿದ್ದ ಒಬ್ಬರ ಮಗ ಮುದಿ ವಯಸ್ಸಿನಲ್ಲಿ ಈ ಹುಡುಕಾಟ ಮಾಡಿಸಿದ್ದರು. ಆದರೆ ದಾರಿ ತೋರಿಸಲು ಹೋಗಿದ್ದ ಲಿಸು ಜನಾಂಗದ ಮೂವರು, ಮೊದಲ ಹಂತದಲ್ಲೇ ಸೆಪ್ಟೆಂಬರ್‌ನ ಹಿಮಪಾತಕ್ಕೆ ಸಿಕ್ಕಿ ಚಳಿಗೆ ಸತ್ತರು. ಎಲ್ಲಿ ನೋಡಿದರೂ ಶೀರ್ಷಿಕೆ ವಿಮಾನದ್ದೇ, ಈ ಮೂವರು ಕೊನೆಯ ಸಾಲಿನಲ್ಲಿ. ನನ್ನ ಪ್ರಕಾರ ಇಂಥ ಯಾತ್ರೆಗಳ ಲೆಕ್ಕದಲ್ಲಿ ಮೊದಲು ಬರೆಯಬೇಕಾದದ್ದು ಅದು.

ಕಾಡಿನಲ್ಲಿ ನಿಜವಾಗಿ ಬೆಲೆ ಇರುವುದು ನಂಬರಿಗೆ. ಕಾಣೆಯಾದ ಪ್ರತಿ ವಿಮಾನಕ್ಕೂ ಅಮೆರಿಕ 1943ರಿಂದ ಒಂದು ವರದಿ ಬರೆಸುತ್ತಿತ್ತು. ಯಾರು ಯಾರು ಇದ್ದರು, ಎಲ್ಲಿಂದ ಹೊರಟರು, ಹವಾಮಾನ ಹೇಗಿತ್ತು, ಎಲ್ಲ ಅದರಲ್ಲಿದೆ. ಎಂಜಿನ್‌ಗಳ ನಂಬರು, ಒಂದೊಂದು ಮೆಷಿನ್‌ಗನ್ನಿನ ನಂಬರು ಕೂಡ ಇದೆ. ವಿಮಾನದ ಮೈ ಚೂರುಚೂರಾಗಿದ್ದರೂ ಮಣ್ಣಿನಲ್ಲಿ ಹೂತ ಒಂದು ಬ್ರೌನಿಂಗ್ ಬಂದೂಕಿನ ನಂಬರು ತಿಕ್ಕಿ ಓದಿದರೆ, ಹತ್ತು ಮನೆಗಳ ಹೆಸರು ಸಿಗುತ್ತದೆ. ಎಂಜಿನ್‌ಗೆ ಹೊಡೆದ ಪುಟ್ಟ ತಗಡಿನ ಫಲಕ, ಅಂಗೈಗಿಂತ ಚಿಕ್ಕದು, ಅದನ್ನೇ ಯಾರಾದರೂ ನೆನಪಿಗೆಂದು ಕಿತ್ತುಕೊಂಡು ಹೋದರೆ ಆ ಹತ್ತು ಮನೆಗೆ ದಾರಿ ಮುಚ್ಚಿತು.

ಕಿತ್ತುಕೊಂಡು ಹೋಗುವವರೇ ಜಾಸ್ತಿ. ಪಪುವಾ ನ್ಯೂಗಿನಿಯ ಬಿ-17 ಬಾಂಬರ್ ಇದಕ್ಕೆ ಒಳ್ಳೆಯ ಉದಾಹರಣೆ. 1942ರ ಫೆಬ್ರವರಿಯಲ್ಲಿ ಜಪಾನೀಯರ ಕೈಯಲ್ಲಿದ್ದ ರಬೌಲ್ ಬಂದರಿನ ಮೇಲೆ ದಾಳಿ ಮಾಡಿ ಬರುವಾಗ ಪೆಟ್ರೋಲು ಸಾಲದೆ ಅದು ಹುಲ್ಲುಗಾವಲು ಅಂದುಕೊಂಡ ಜಾಗದಲ್ಲಿ ಇಳಿಯಿತು. ನೋಡಿದರೆ ಅದು ಆಳೆತ್ತರದ ಹುಲ್ಲು ಬೆಳೆದ ಜೌಗು. ಒಂಬತ್ತೂ ಜನ ಬದುಕಿದರು, ಮಲೇರಿಯಾದಲ್ಲಿ ನರಳಿಕೊಂಡು ಐದು ವಾರದ ಮೇಲೆ ನೆಲೆಗೆ ವಾಪಸ್ಸಾದರು. ವಿಮಾನ ಅಲ್ಲೇ ಉಳಿಯಿತು. 1972ರಲ್ಲಿ ಹೆಲಿಕಾಪ್ಟರಿನವರ ಕಣ್ಣಿಗೆ ಬಿದ್ದಾಗ ಬಂದೂಕುಗಳು ಇದ್ದಲ್ಲೇ ಇದ್ದವು, ಗುಂಡು ತುಂಬಿದ್ದವು. ಅಂದರೆ 30 ವರ್ಷ ಏನೂ ಆಗಿರಲಿಲ್ಲ. ಸುದ್ದಿಯಾದಮೇಲೆ ಬಂದವರೆಲ್ಲ ಒಂದೊಂದು ಬಿಚ್ಚಿಕೊಂಡು ಹೋದರು. 2006ರಲ್ಲಿ ಅಮೆರಿಕದವರು ಅದನ್ನು ಬಿಚ್ಚಿ ಬಂದರಿಗೆ ತಂದರು. ‘ನಮ್ಮ ದೇಶದ ಸ್ವತ್ತು ಹೇಗೆ ಸಾಗಿಸುತ್ತೀರಿ’ ಅಂತ ಅಲ್ಲಿ ಗಲಾಟೆ ಎದ್ದಿತು. ನಾಲ್ಕು ವರ್ಷ ಬಂದರಿನಲ್ಲೇ ಬಿದ್ದಿತ್ತು. ಈಗ ಪರ್ಲ್ ಹಾರ್ಬರ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಜೌಗು ಉಳಿಸಿತ್ತು, ಮನುಷ್ಯರು ಕೆಡಿಸಿದರು ಅಂತ ಹೇಳುವುದು ಸುಲಭ. ಆದರೆ ಪೂರ್ತಿ ನಿಜ ಅಲ್ಲ. ಅಲ್ಲೇ ಬಿಟ್ಟಿದ್ದರೂ ಇವತ್ತಲ್ಲ ನಾಳೆ ಹೋಗುತ್ತಿತ್ತು. ಎತ್ತಿ ತಂದ ಕೂಡಲೇ ಒಳ್ಳೆಯದಾಗುತ್ತೆ ಅಂತಲೂ ಇಲ್ಲ. 2012ರಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿ ಕಿಟ್ಟಿಹಾಕ್ ಅನ್ನುವ ಒಂದು ಯುದ್ಧವಿಮಾನ ಸಿಕ್ಕಿತು. 1942ರ ಜೂನ್‌ನಲ್ಲಿ ಇಳಿದದ್ದು, ಮರಳು ಉಜ್ಜಿ ಉಜ್ಜಿ ಮೈ ಬೆಳ್ಳಿಯಾಗಿತ್ತು. ಅದನ್ನು ಎಲ್ ಅಲಮೈನ್‌ಗೆ ತಂದು ಹೊಸ ಬಣ್ಣ ಬಳಿದರು, ನೋಡಿದರೆ ಆಟಿಕೆಯ ಹಾಗಾಯಿತು. ಬಲ್ಲವರು ತಲೆ ಚಚ್ಚಿಕೊಂಡರು. ನಮ್ಮ ಕಡೆ ಹಳೆಯ ಗುಡಿಗೆ ಆಯಿಲ್ ಪೇಂಟ್ ಹೊಡೆಯುತ್ತಾರಲ್ಲ, ಅದೇ ಕಥೆ.

ಲೋಹದ ಆಸೆ ಬೇರೆ. ಕೋಲಾರದ ಗುಜರಿ ಅಂಗಡಿಯೊಂದರಲ್ಲಿ ಸುಮ್ನೆ ಕೇಳಿದೆ: “ಅಣ್ಣಾ, ಹಳೇ ವಿಮಾನದ ತಗಡು ಬಂದ್ರೆ ತಗೋತೀಯಾ?” ಅವನು ತಕ್ಕಡಿಯಿಂದ ತಲೆ ಎತ್ತಲಿಲ್ಲ. “ವಿಮಾನದ್ದೋ ಬಿಂದಿಗೇದೋ, ನಂಗೇನು ಸಾರ್. ರಿವಿಟ್ಟು, ಕಬ್ಬಿಣ ಎಲ್ಲ ಬಿಡಿಸಿ ತನ್ನಿ, ಇಲ್ದಿದ್ರೆ ರೇಟು ಕಮ್ಮಿ.” ಅವನ ಮಾತಿನಲ್ಲಿ ತಪ್ಪಿಲ್ಲ. ಗುಜರಿಯವನು ತೂಕಕ್ಕೆ ಕೊಳ್ಳುತ್ತಾನೆ, ವಿದೇಶದ ಸಂಗ್ರಾಹಕ ಫಲಕಕ್ಕೆ ಕೊಳ್ಳುತ್ತಾನೆ. ಎರಡನೆಯದೇ ಹೆಚ್ಚು ಅಪಾಯ. ಅಸಲಿ ಫಲಕ ಒಂದಿದ್ದರೆ ಸಾಕು, ಸುತ್ತ ಹೊಸ ತಗಡು ಹಾಕಿ ‘ಅದೇ ವಿಮಾನ’ ಅಂತ ಕಟ್ಟಿ ನಿಲ್ಲಿಸುವ ವ್ಯಾಪಾರ ಹೊರಗಡೆ ಇದೆ.

ಹಾಗಾದರೆ ನಮ್ಮ ಕಾನೂನು ಏನು ಹೇಳುತ್ತದೆ? ಬ್ರಿಟನ್ನಿನಲ್ಲಿ 1986ರಿಂದ ಒಂದು ಕಾಯ್ದೆ ಇದೆ. ಅದರ ಪ್ರಕಾರ ಅಲ್ಲಿ ಬಿದ್ದ ಪ್ರತಿ ಸೇನಾ ವಿಮಾನವೂ ತಾನಾಗಿ ಸಂರಕ್ಷಿತ, ಪರವಾನಗಿ ಇಲ್ಲದೆ ಯಾರೂ ಅಗೆಯುವಂತಿಲ್ಲ. ನಮ್ಮಲ್ಲಿ ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆ, ಪುರಾತನ ವಸ್ತುಗಳ 1972ರ ಕಾಯ್ದೆ, ಎರಡೂ 100 ವರ್ಷದ ಗೆರೆ ಎಳೆದಿವೆ. 1942ರ ವಿಮಾನ 2042ರ ತನಕ ಈ ಕಾನೂನುಗಳ ಕಣ್ಣಿಗೆ ಪುರಾತನ ವಸ್ತುವೇ ಅಲ್ಲ. ಅರಣ್ಯ ಕಾನೂನು ಮರ, ಜೇನು, ಕಲ್ಲು, ಚರ್ಮದ ಲೆಕ್ಕ ಇಡುತ್ತದೆ, ವಿಮಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಲ್ಲ. ಅತ್ಯಂತ ಹೆಚ್ಚು ಕಳುವಾಗುವ ಕಾಲದಲ್ಲೇ ಕಾನೂನು ಬಾಗಿಲು ಹಾಕಿಕೊಂಡಿದೆ ಅಲ್ವಾ? ಈ ಗೆರೆಯನ್ನು ಯುದ್ಧದ ಅವಶೇಷಗಳ ಮಟ್ಟಿಗಾದರೂ ಸಡಿಲಿಸಬೇಕು ಅನ್ನುವುದು ನನ್ನ ವಾದ. ದೊಡ್ಡ ಖರ್ಚಿನ ಕೆಲಸ ಅಲ್ಲ. ಮನುಷ್ಯರ ಅವಶೇಷ ಇರಬಹುದಾದ ಜಾಗವನ್ನು ಸಮಾಧಿಯಂತೆ ಕಾಣಬೇಕು, ನಂಬರಿನ ಫಲಕ ತೆಗೆಯುವುದು ಅಪರಾಧ ಆಗಬೇಕು. ಇಷ್ಟು ಸಾಕು.

ಸತ್ತವರ ವಿಷಯದಲ್ಲಿ ದೇಶ ದೇಶಕ್ಕೂ ಬೇರೆ ಬೇರೆ ನಡೆ. ಅಮೆರಿಕಕ್ಕೆ ಇದಕ್ಕೇ ಒಂದು ಇಲಾಖೆ ಇದೆ. ಎರಡನೇ ಮಹಾಯುದ್ಧವೊಂದರಲ್ಲೇ ಸಿಗದವರ ಪಟ್ಟಿ 70 ಸಾವಿರ ದಾಟುತ್ತದೆ. ಭಾರತದ ನೆಲದಲ್ಲಿ ಸುಮಾರು 400 ಜನ ಇರಬಹುದು ಅನ್ನುವುದು ಅವರ ಅಂದಾಜು. 1944ರ ಜನವರಿಯಲ್ಲಿ ಅರುಣಾಚಲದ ದಮ್ರೋಹ್ ಹತ್ತಿರ ಬಿದ್ದ ಅಮೆರಿಕದ ಒಂದು ಬಿ-24ರ (ಲಿಬರೇಟರ್‌ನದೇ ಇನ್ನೊಂದು ಹೆಸರು) ಜಾಗ 2006ರಲ್ಲಿ ಸಿಕ್ಕಿತು. ಅಲ್ಲಿಂದ ತೆಗೆದ ಮೂಳೆಗಳು 2016ರಲ್ಲಿ ದೆಹಲಿಯಿಂದ ಗೌರವದೊಡನೆ ಹೋದವು. ನಡುವೆ ಅನುಮತಿ ಸಿಗದೆ ಕೆಲ ವರ್ಷ ಕೆಲಸ ನಿಂತಿತ್ತು, ಚೀನಾ ಗಡಿಯ ಸೂಕ್ಷ್ಮ ಬೇರೆ. 2017ರಲ್ಲಿ ಜಾರ್ಜಿಯಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ಆ ವಿಮಾನದ ಒಬ್ಬ ಯುವ ಅಧಿಕಾರಿಯ ಶವಸಂಸ್ಕಾರ ನಡೆಯಿತು. ಈಗ ಗುಜರಾತಿನ ಗಾಂಧಿನಗರದ ನ್ಯಾಷನಲ್ ಫೊರೆನ್ಸಿಕ್ ಸೈನ್ಸಸ್ ಯೂನಿವರ್ಸಿಟಿಯೂ ಅಮೆರಿಕದವರ ಜೊತೆ ಈ ಕೆಲಸಕ್ಕೆ ಕೈಜೋಡಿಸಿದೆ. ಬ್ರಿಟಿಷರದ್ದು ಬೇರೆ ರೀತಿ. ಅವರು ಹುಡುಕಿಕೊಂಡು ಹೋಗಲ್ಲ. ಸಿಕ್ಕರೆ ಆ ದೇಶದಲ್ಲೇ ಮಣ್ಣು ಮಾಡುತ್ತಾರೆ. ಸಿಗದವರ ಹೆಸರು ಕಲ್ಲಿನ ಮೇಲೆ. ಪೂರ್ವ ಏಷ್ಯಾದಲ್ಲಿ ಕಾಣೆಯಾದ ಬ್ರಿಟಿಷ್ ಮತ್ತು ಭಾರತೀಯ ವಾಯುಪಡೆಯವರ ಹೆಸರುಗಳು ಸಿಂಗಪುರದ ಕ್ರಾಂಜಿ ಸ್ಮಾರಕದಲ್ಲಿವೆ.

ಭಾರತಕ್ಕೆ ಅಮೆರಿಕದಂಥ ಪ್ರತ್ಯೇಕ ಇಲಾಖೆ ಇಲ್ಲ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ಎಎನ್-12 ವಿಮಾನ 102 ಜನರೊಡನೆ ಹಿಮಾಚಲದ ರೋಹ್ತಾಂಗ್ ಕಣಿವೆದಾರಿಯ ಹತ್ತಿರ ಕಾಣೆಯಾಯಿತು. 2003ರಲ್ಲಿ ಪರ್ವತಾರೋಹಿಗಳಿಗೆ ಅವಶೇಷ ಕಂಡಿತು. ಆಮೇಲೆ ಸೇನೆಯ ಡೋಗ್ರಾ ಸ್ಕೌಟ್ಸ್ ಹಿಮ ಕರಗುವ ಕಾಲ ನೋಡಿಕೊಂಡು ಹೋಗಿ ಹುಡುಕಿದರು. 2024ರ ಸೆಪ್ಟೆಂಬರ್ ಕೊನೆಗೆ ಇನ್ನೂ ನಾಲ್ವರು ಸಿಕ್ಕರು. ಒಟ್ಟು ಒಂಬತ್ತು. 56 ವರ್ಷದ ಮೇಲೆ ಮನೆಗೆ ಬಂದ ಶವವನ್ನು ಗುರುತಿಸುವ ಹೆಂಡತಿಯೇ ಎಷ್ಟೋ ಕಡೆ ಬದುಕಿಲ್ಲ. ಈ ಕೆಲಸ ಸೈನಿಕರ ಹುರುಪಿನ ಮೇಲೆ ನಡೆಯಬಾರದು, ಒಂದು ಕಚೇರಿ, ಒಂದು ಪಟ್ಟಿ, ವರ್ಷ ವರ್ಷದ ಬಜೆಟ್ಟು ಬೇಕು. ಆ ಪಟ್ಟಿಯಲ್ಲಿ ಮಹಾಯುದ್ಧದಲ್ಲಿ ಕಾಣೆಯಾದ ನಮ್ಮ ಪೈಲಟ್‌ಗಳಿಗೂ ಜಾಗ ಇರಬೇಕು.

ಹಳೆಯ ವಿಮಾನ ಉಳಿಸುವ ಇನ್ನೊಂದು ದಾರಿಯೂ ಇದೆ, ಅದು ನಮ್ಮ ಪಕ್ಕದಲ್ಲೇ ನಡೆದದ್ದು. ಯುದ್ಧ ಮುಗಿದಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಲಿಬರೇಟರ್‌ಗಳನ್ನು ಸಾಲಾಗಿ ನಿಲ್ಲಿಸಿ, ಮತ್ತೆ ಹಾರದ ಹಾಗೆ ಬೇಕಂತಲೇ ಕೆಡಿಸಿ ಹೋದರು. ಎಚ್‌ಎಎಲ್‌ನವರು ಆ ಗುಡ್ಡೆಯಿಂದ ಒಂದೊಂದನ್ನೇ ಆರಿಸಿ, ಹಾರುವ ಮಟ್ಟಕ್ಕೆ ತಂದು, ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಹಾಗೆ ಹಾರಿಸಿ ತಂದ ಪೈಲಟ್ ಜಮ್‌ಶೇದ್ ಮುನ್ಷಿ. ಒಟ್ಟು 40ಕ್ಕೂ ಹೆಚ್ಚು ವಿಮಾನ ಎದ್ದು ನಿಂತವು, 1968ರ ತನಕ ಭಾರತೀಯ ವಾಯುಪಡೆಯಲ್ಲಿ ದುಡಿದವು. ಇವತ್ತು ಜಗತ್ತಿನಲ್ಲಿ ಉಳಿದಿರುವ ಬೆರಳೆಣಿಕೆಯ ಲಿಬರೇಟರ್‌ಗಳಲ್ಲಿ ಹಲವು ಹೀಗೆ ಬೆಂಗಳೂರಿನ ಕೈ ದಾಟಿ ಹೋದವೇ. ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿರುವ ಲಿಬರೇಟರ್ 1974ರಲ್ಲಿ ಭಾರತ ಕೊಟ್ಟ ಉಡುಗೊರೆ. ಬಿಟ್ಟು ಹೋದವರಿಗೇ ಹಾರಿಸಿಕೊಂಡು ಹೋಗಿ ಕೊಟ್ಟೆವು!

ಇಷ್ಟೆಲ್ಲ ಓದಿ ಈ ಬೇಸಿಗೆಗೆ ಅರುಣಾಚಲಕ್ಕೆ ಚಾರಣ ಹೋಗುವವರು ಯಾರಾದರೂ ಇದ್ದರೆ ಎರಡು ಮಾತು. ಪಾಸಿಘಾಟ್‌ನಲ್ಲಿ 2023ರ ನವೆಂಬರ್‌ನಲ್ಲಿ ಹಂಪ್ ವಸ್ತುಸಂಗ್ರಹಾಲಯ ಶುರುವಾಗಿದೆ, ತಂದಿಟ್ಟ ಅವಶೇಷಗಳನ್ನು ಅಲ್ಲೇ ನೋಡಿ. ಕಾಡಿನಲ್ಲಿ ತಗಡು ಕಂಡರೆ ಮುಟ್ಟಬೇಡಿ. ಬಾಂಬು, ಗುಂಡು ಇನ್ನೂ ಜೀವಂತ ಇರಬಹುದು. ಕತ್ತಲಲ್ಲಿ ಕಾಣಲಿ ಅಂತ ಆ ಕಾಲದ ಮೀಟರ್ ಡಯಲ್‌ಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ರೇಡಿಯಂ ಅರ್ಧ ಆಗಲು 1,600 ವರ್ಷ ಬೇಕು. ಹೊಳಪು ಹೋಗಿದ್ದರೂ ವಿಕಿರಣ ಹೋಗಿಲ್ಲ. ಶೋಕೇಸಿನಲ್ಲಿ ಇಡುವ ವಸ್ತು ಅಲ್ಲ ಅದು. ನಂಬರಿನ ಫೋಟೊ ತೆಗೆದು ಪೊಲೀಸರಿಗೋ ಅರಣ್ಯದವರಿಗೋ ತಿಳಿಸಿ. ಜಾಗದ ಜಿಪಿಎಸ್ ಅಂಕಿಯನ್ನು ಇನ್‌ಸ್ಟಾಗ್ರಾಂಗೆ ಹಾಕಬೇಡಿ.

ಇನ್ನು ಕೋಲಾರದಲ್ಲೇ ಕೂತು ಮಾಡಬಹುದಾದ ಕೆಲಸ ಒಂದಿದೆ. ಬ್ರಿಟಿಷ್ ಸ್ಕ್ವಾಡ್ರನ್‌ಗಳು ದಿನದಿನದ ಹಾರಾಟದ ದಾಖಲೆ ಬರೆದಿಡುತ್ತಿದ್ದವು. 358ನೇ ಸ್ಕ್ವಾಡ್ರನ್ನಿನದೂ ಲಂಡನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿದೆ. ಯಾವ ವಿಮಾನ ಹೊರಟಿತು, ಯಾರು ಯಾರಿದ್ದರು, ವಾಪಸ್ ಬಂತೋ ಇಲ್ಲವೋ, ಎಲ್ಲ ಅದರಲ್ಲಿರುತ್ತದೆ. ಕ್ರಾಂಜಿಯ ಹೆಸರುಗಳ ಪಟ್ಟಿ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದಲ್ಲೇ ಇದೆ. ಇತಿಹಾಸ ಓದುವ ನಾಲ್ಕು ಹುಡುಗ ಹುಡುಗಿಯರು ಒಂದು ಸೆಮಿಸ್ಟರ್ ಕೂತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಇಲ್ಲಿ ಕಟ್ಟಿದ ತಂಡಗಳಲ್ಲಿ ಯಾರು ಯಾರು ಇನ್ನೂ ಕಾಡಿನಲ್ಲಿದ್ದಾರೆ ಅನ್ನುವ ಪಟ್ಟಿ ತಯಾರಾಗುತ್ತದೆ. ಥಾಯ್ಲೆಂಡಿನಲ್ಲೋ ಲಾವೋಸ್‌ನಲ್ಲೋ ಮುಂದೆ ಒಂದು ಎಂಜಿನ್ ಸಿಕ್ಕಾಗ ಅಲ್ಲಿನವರಿಗೆ ಬೇಕಾಗುವುದು ಆ ಪಟ್ಟಿ.